ಟಾಪಿಲ್ಲದ ಕಾರಿಗೆ ತಲೆ ಮೇಲೇನು?

ಕೊಟ್ಟೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಗುರುಸಂಗಪ್ಪನವರು ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾಯಿ ಒರೆಸಿಕೊಂಡು, ಹೆಂಡತಿ ಪಂಪಮ್ಮನ ಎದುರು ಒಂದು ಘೋಷಣೆ ಹೊರಡಿಸಿದರು.

"ಅಮೃತಾನ ಮದುವಿಗೆ ಟಾಪಿಲ್ಲದ ಕಾರು ನಾನ ಹೊಡಕೊಂಡು ಹಡಗಲಿಗೆ ಹೋಗ್ತೀನಿ. ತಲಿ ಮ್ಯಾಲಿನ ಒಂದು ಕೂದಲ ಅಲುಗಬಾರದು, ಕಣ್ಣಾಗ ಒಂದು ಕಣ ಧೂಳ ಬೀಳಬಾರದು. ಹಂಗ ಹೋಗ್ತೀನಿ, ನೋಡ್ತಿರು."

ಪಂಪಮ್ಮ ಗಂಡನ ತಲೆಯತ್ತ ನೋಡಿದಳು. ಅಲುಗುವುದಕ್ಕೆ ಅಲ್ಲಿ ಏನಾದರೂ ಉಳಿದಿದೆಯೇ ಎಂದು ಹುಡುಕುವ ನೋಟ ಅದು. "ಕೂದಲದ ಚಿಂತಿ ಬಿಡ್ರಿ. ಧೂಳಿಂದು ಅಷ್ಟ ನೋಡ್ಕೊಳ್ರಿ" ಎಂದು ಚಹಾದ ಲೋಟ ಇಟ್ಟು ಒಳಗೆ ಹೋದಳು.

ಅಮೃತಾ ಎಂದರೆ ಪಂಪಮ್ಮನ ಅಣ್ಣ, ಹಡಗಲಿಯ ಉಚ್ಚಂಗೆಪ್ಪನ ಮಗಳು. ಗುರುಸಂಗಪ್ಪನವರಿಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಮಗಳ ಮೇಲೆ ಇಡಬೇಕಾದ ಪ್ರೀತಿಯೆಲ್ಲ ಬಡ್ಡಿಯಿಲ್ಲದೆ ಹಾಗೇ ಉಳಿದಿತ್ತು, ಅದು ಪೂರ್ತಿ ಅಮೃತಾಳ ಪಾಲಿಗೆ ಹೋಯಿತು. ಅವಳು ಮೊಳದುದ್ದ ಇದ್ದಾಗ ತಮ್ಮ ಲೂನಾ ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಮೈಲಾರದ ತನಕ ಕರೆದುಕೊಂಡು ಹೋಗುತ್ತಿದ್ದರು. ಗಾಳಿಗೆ ಎರಡು ಜಡೆ ಹಾರಿಸುತ್ತ ಹುಡುಗಿ ಒಮ್ಮೆ, ಕಾರಿನಲ್ಲಿ ಹೋದರೂ ಹೀಗೇ ಗಾಳಿ ಬರುತ್ತದೆಯೇ ಎಂದು ಕೇಳಿತ್ತು. ಮಾವ ಹಿಂದೆ ಮುಂದೆ ನೋಡದೆ ಮಾತು ಕೊಟ್ಟುಬಿಟ್ಟಿದ್ದರು: ನಿನ್ನ ಮದುವೆಯ ದಿನ ಟಾಪಿಲ್ಲದ ಕಾರಿನಲ್ಲಿ ನಿನ್ನನ್ನು ಕೂರಿಸಿ ಊರೆಲ್ಲ ಮೆರೆಸುತ್ತೇನೆ! ಹುಡುಗಿ ಬೆಳೆದು ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಆದರೂ ಆ ಮಾತನ್ನು ಮರೆತಿರಲಿಲ್ಲ. ಮಾವನೂ ಮರೆತಿರಲಿಲ್ಲ. ಸಿಗಬೇಕಾದದ್ದು ಕಾರು ಮಾತ್ರ.

ಅದನ್ನು ತಂದವನು ಶಾಮಿಯಾನದ ಪಾಲಾಕ್ಷಪ್ಪ. ಮದುವೆ ಮೆರವಣಿಗೆಗೆ ಬಾಡಿಗೆ ಬಿಡಲೆಂದು ಗೋವಾದ ಯಾರದೋ ಬಂಗಲೆಯ ಹಿತ್ತಲಿನಲ್ಲಿ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದ. ಕುಂಕುಮದ ಬಣ್ಣ. ಎರಡೇ ಸೀಟು. ಅವುಗಳ ಹಿಂದೆ ಒಂದು ಮಂಡಕ್ಕಿ ಚೀಲ ಇಡುವಷ್ಟು ಗೂಡು. ಪರದೇಶದ ಗಾಡಿಯಾದ್ದರಿಂದ ಸ್ಟೇರಿಂಗು ಎಡಗಡೆಗೆ. ಮಡಚುವ ಬಟ್ಟೆಯ ಟಾಪು ಯಾವ ಕಾಲಕ್ಕೋ ಹರಿದು ಹೋಗಿತ್ತು. ಮುಂದಿನ ಗಾಜಂತೂ ಗುರುಸಂಗಪ್ಪನವರ ಮೂಗಿಗೆ ಬಂದು ಮುಗಿಯುತ್ತಿತ್ತು. ಮೂಗಿನಿಂದ ಮೇಲಿನದೆಲ್ಲ ಗಾಳಿಯ ಪಾಲು.

ಉಚ್ಚಂಗೆಪ್ಪನಿಗೆ ಈ ಮೆರೆಸಾಟ ಹಿಡಿಸಿರಲಿಲ್ಲ. ತಂಗಿಯ ಗಂಡನಿಗೆ ಬೇಡ ಅನ್ನುವ ಧೈರ್ಯವೂ ಇರಲಿಲ್ಲ. ಕೊನೆಗೆ ಫೋನಿನಲ್ಲಿ ಒಂದು ಷರತ್ತು ಹಾಕಿದ. ಮದುವೆಯ ಹಿಂದಿನ ದಿನ ನೀವೇ ಆ ಗಾಡಿಯನ್ನು ಹಡಗಲಿಗೆ ತನ್ನಿ. ಬಂದು ಇಳಿಯುವಾಗ ಹೇಗಿರುತ್ತೀರಿ ಅನ್ನುವುದನ್ನು ನೋಡಿ ಆಮೇಲೆ ಮದುಮಗಳ ಮಾತು. ಗುರುಸಂಗಪ್ಪನವರು ನಕ್ಕು ಒಪ್ಪಿಕೊಂಡರು. ಟ್ರ್ಯಾಕ್ಟರಿನ ಮೇಲೆ ಡ್ರೈವಿಂಗ್ ಕಲಿತ ಮನುಷ್ಯನಿಗೆ ಗಾಡಿಯ ಭಯವಿರಲಿಲ್ಲ. ಇಳಿಯುವಾಗ ಹೇಗೆ ಕಾಣಬೇಕು ಅನ್ನುವುದೊಂದೇ ಪ್ರಶ್ನೆ.

ಸಂಶೋಧನೆ ಶುರುವಾಯಿತು. ಮೊದಲು ಬೀಜದ ಕಂಪನಿಯವರು ಕೊಟ್ಟಿದ್ದ ಅಗಲವಾದ ಹ್ಯಾಟು. ಕೂಡ್ಲಿಗಿ ರಸ್ತೆಯಲ್ಲಿ ಗಾಡಿ ಸ್ವಲ್ಪ ವೇಗ ಹಿಡಿದದ್ದೇ ತಡ, ಹ್ಯಾಟು ಮೇಲೆದ್ದು, ಒಮ್ಮೆ ಯಜಮಾನರ ಕಡೆ ತಿರುಗಿ ನೋಡಿದಂತೆ ಮಾಡಿ, ಕುರಿಹಿಂಡಿನ ನಡುವೆ ಇಳಿಯಿತು. ಇವರು ಗಾಡಿ ನಿಲ್ಲಿಸಿ ಓಡಿಹೋಗುವಷ್ಟರಲ್ಲಿ ಅಂಚಿನ ಅರ್ಧಭಾಗ ಒಂದು ಮೇಕೆಯ ಹೊಟ್ಟೆ ಸೇರಿತ್ತು. ಉಳಿದರ್ಧವನ್ನು ಅದರ ಬಾಯಿಂದ ಕಿತ್ತುಕೊಳ್ಳುವುದು ಸಜ್ಜನಿಕೆ ಅನ್ನಿಸದೆ ವಾಪಸಾದರು.

ಆಮೇಲೆ ತಂದೆಯ ಕಾಲದ ರುಮಾಲು. ಕನ್ನಡಿಯ ಮುಂದೆ ನಿಂತು ಸುತ್ತಿಕೊಂಡಾಗ ಗುರುಸಂಗಪ್ಪನವರಿಗೆ ತಮ್ಮ ಮುಖದ ಮೇಲೇ ಗೌರವ ಹುಟ್ಟಿತು. ಸಾಕ್ಷಾತ್ ಪಾಳೇಗಾರ! ಆದರೆ ರುಮಾಲಿನ ಕಾಲದಲ್ಲಿ ಪಾಳೇಗಾರರು ಇಷ್ಟು ವೇಗವಾಗಿ ಹೋಗುತ್ತಿರಲಿಲ್ಲ. ಒಂದು ತುದಿ ಸಡಿಲಾಗಿ, ಸುತ್ತು ಸುತ್ತಾಗಿ ಬಿಚ್ಚಿಕೊಂಡು, ಇಡೀ ರುಮಾಲು ರಸ್ತೆಯುದ್ದಕ್ಕೂ ಹಾಸುತ್ತ ಹೋಯಿತು. ಹಿಂದಿನಿಂದ ಬಂದ ಬಸ್ಸು ನಿಂತು, ಕಂಡಕ್ಟರ್ ಅದನ್ನು ಕೈಗೆ ಸುತ್ತಿಕೊಳ್ಳುತ್ತ ನಡೆದು ಬಂದ. "ಸಾವ್ಕಾರ್ರ, ಸೀರಿ ಬಿಟ್ಟು ಹೊಂಟೀರಿ" ಅಂದ. ಬಸ್ಸಿನ ಕಿಟಕಿಗಳಲ್ಲೆಲ್ಲ ಹಲ್ಲುಗಳು ಕಂಡವು.

ಹೆಲ್ಮೆಟ್ಟೂ ಆಯಿತು. ಹೆಲ್ಮೆಟ್ ಹಾಕದವರನ್ನು ಹಿಡಿದು ರೂಢಿಯಿದ್ದ ಪೊಲೀಸಪ್ಪನೊಬ್ಬ, ಕಾರಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಬಂದ ಮನುಷ್ಯನನ್ನು ಏನು ಮಾಡಬೇಕೆಂದು ತಿಳಿಯದೆ ತನ್ನ ಟೋಪಿ ತೆಗೆದು ತಲೆ ಕೆರೆದುಕೊಂಡ. ಒಳಗೆ ಬೆವರು ಇಳಿಯುತ್ತಿತ್ತು. ಪಂಪಮ್ಮ ಹೇಳಿದ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಇದೇ ಹೆಲ್ಮೆಟ್ಟಿನ ದೊಡ್ಡ ಗುಣ ಎಂದು ಗುರುಸಂಗಪ್ಪನವರ ಅಭಿಪ್ರಾಯ. ಇದೇ ದೊಡ್ಡ ದೋಷ ಎಂದು ಪಂಪಮ್ಮನ ತೀರ್ಪು. ಮನೆಯಲ್ಲಿ ತೀರ್ಪೇ ನಡೆಯುವುದರಿಂದ ಹೆಲ್ಮೆಟ್ಟು ಅಟ್ಟ ಸೇರಿತು.

ಕಣ್ಣಿನದು ಇನ್ನೂ ದೊಡ್ಡ ಕಥೆ. ಅವರಿಗೆ ನಂಬರಿನ ಕನ್ನಡಕ ಇಲ್ಲದಿದ್ದರೆ ನಡೆಯುವುದಿಲ್ಲ. ಅದನ್ನು ಹಾಕಿಕೊಂಡರೆ ಧೂಳು ಎರಡೂ ಪಕ್ಕದಿಂದ ಒಳಗೆ ನುಗ್ಗುತ್ತದೆ. ಸಂತೆಯಿಂದ ತಂದ ಸ್ಟೈಲಿನ ತಂಪು ಕನ್ನಡಕದಲ್ಲಿ ಹೀರೋ ಆಗಿ ಕಂಡರೇನೋ ನಿಜ, ಅದಕ್ಕೆ ನಂಬರಿಲ್ಲ. ಅದನ್ನೇ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಎದುರಿಗೆ ಬಂದ ಎಮ್ಮೆಗೆ ಕೈಮುಗಿದು, ಗೌಡ್ರ ಆರಾಮೇನ್ರಿ ಎಂದು ಕೇಳಿದರು. ಆಮೇಲೆ ತಮ್ಮ ಅಂಗಡಿಯದೇ ಔಷಧಿ ಹೊಡೆಯುವವರ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಬಂದ ರೈತರೆಲ್ಲ ಗಾಬರಿಯಾಗಿ, ಮೆಕ್ಕೆಜೋಳಕ್ಕೆ ಯಾವ ಹುಳ ಬಿದ್ದಿದೆ ಎಂದು ವಿಚಾರಿಸತೊಡಗಿದರು. ಬೀಳದ ಹುಳಕ್ಕೆ ಔಷಧಿ ಕೇಳಲು ಸಂಜೆಗೆ ಸಾಲು ನಿಂತಿತು!

ಮದುವೆ ಹತ್ತಿರ ಬಂದಾಗ ಗುರುಸಂಗಪ್ಪನವರು ಟ್ರಂಕು ತಡಕಾಡಿ ತಮ್ಮ ಜೀವನದ ಮಹಾಶೋಧ ಮಾಡಿದರು. ತೀರಿಹೋದ ತಾಯಿಗೆ ಪೊರೆಯ ಆಪರೇಷನ್ ಆದಾಗ ಕಣ್ಣಿನ ಕ್ಯಾಂಪಿನಲ್ಲಿ ಕೊಟ್ಟಿದ್ದ ದೊಡ್ಡ ಕಪ್ಪು ಕನ್ನಡಕ. ನಂಬರಿನ ಕನ್ನಡಕದ ಮೇಲೇ ಕೂರುತ್ತದೆ, ಎರಡೂ ಪಕ್ಕ ಮುಚ್ಚುತ್ತದೆ, ಒಂದು ಕಣ ಧೂಳು ಒಳಗೆ ಬರುವುದಿಲ್ಲ. ತಲೆಗೆ ಒಂದು ಹಳೆಯ ತೆಳು ಬಿಳಿ ಪಂಚೆ ಹರಿದು, ಹಣೆಯಿಂದ ಕಿವಿ ಮುಚ್ಚಿ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದರು. ಬಿರುಗಾಳಿ ಬಂದರೂ ಹಾರುವಂತಿರಲಿಲ್ಲ.

ಪಂಪಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅವು ಕಣ್ಣ ಆಪರೇಷನ್ ಆದೋರು ಹಾಕ್ಕೊಳ್ಳೋವು. ನೋಡಿದೋರು ಏನಂತಾರ್ರಿ?"

"ಧೂಳ ಬೀಳೋದು ನೋಡಿದೋರ ಕಣ್ಣಾಗಲ್ಲ, ನನ್ನ ಕಣ್ಣಾಗ" ಎಂದು ಅವರು ಚರ್ಚೆ ಮುಗಿಸಿದರು. ಪಂಪಮ್ಮ ಸೆರಗನ್ನು ತಲೆಯ ಮೇಲೆ ಎಳೆದು, ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗಡೆಯ ಸೀಟಿನಲ್ಲಿ ಕೂತಳು. ಅವಳ ಸಂಶೋಧನೆ ಅಲ್ಲಿಗೆ ಮುಗಿದಿತ್ತು.

ಹೊರಟರು. ಗಾಳಿ ಸುಯ್ ಎನ್ನುತ್ತಿತ್ತು. ಗುರುಸಂಗಪ್ಪನವರಿಗೆ ಲೂನಾದ ದಿನಗಳು ನೆನಪಾಗಿ ಎದೆ ತುಂಬಿ ಬಂತು. ನಾಳೆ ಇದೇ ಸೀಟಿನಲ್ಲಿ ಅಮೃತಾ ಕೂರುತ್ತಾಳೆ! ಪಂಪಮ್ಮನಿಗೆ ಮಾತ್ರ ಜೀವ ಕೈಗೆ ಬಂದಿತ್ತು. ಎದುರಿಗಿದ್ದ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ರಸ್ತೆಯಿಂದ ಕಣ್ಣು ಕೀಳದೆ ಕೂತಿದ್ದಳು. ಇಟ್ಟಿಗಿ ಊರು ಬರುವ ಮುಂಚೆ ಹಡಗಲಿಯ ಬಸ್ಸೊಂದು ಹಾರ್ನ್ ಹೊಡೆಯುತ್ತ ಬಲಗಡೆಯಿಂದ ಇವರನ್ನು ದಾಟಿತು. ಕಿಟಕಿಯಲ್ಲಿ ಪಂಪಮ್ಮನ ಸೋದರತ್ತೆ ಸುಂಕಮ್ಮಜ್ಜಿ! ಮದುವೆಗೇ ಹೊರಟಿದ್ದ ಮುದುಕಿ ಬಾಯಿ ತೆರೆದುಕೊಂಡು ಇವರನ್ನು ನೋಡಿದಳು, ಕಿಟಕಿಯ ಸರಳು ಬಡಿದಳು, ಏನೋ ಕೂಗಿದಳು. ಕಾರಿನ ಚೆಂದಕ್ಕೆ ಅಜ್ಜಿ ಮರುಳಾಗಿದ್ದಾಳೆ ಎಂದು ತಿಳಿದು ಗುರುಸಂಗಪ್ಪನವರು ಮಹಾರಾಜರಂತೆ ನಿಧಾನವಾಗಿ ಕೈ ಎತ್ತಿದರು.

ಇಟ್ಟಿಗಿ ದಾಟಿದ ಮೇಲೆ ಅವರಿಗೆ ಒಂದು ಆಸೆಯಾಯಿತು. ಹಡಗಲಿ ಹತ್ತಿರ ಬರುತ್ತಿದೆ, ಮುಖ ಪೂರ್ತಿ ಮುಚ್ಚಿಕೊಂಡು ಹೋದರೆ ಕಾರು ಯಾರದೆಂದು ಜನಕ್ಕೆ ಹೇಗೆ ತಿಳಿಯಬೇಕು? ಕಪ್ಪು ಕನ್ನಡಕ ತೆಗೆದು ಮಡಿಲಿಗೆ ಹಾಕಿಕೊಂಡರು. ಸರಿಯಾಗಿ ಅದೇ ಹೊತ್ತಿಗೆ ಎದುರಿನಿಂದ ಮೆಕ್ಕೆಜೋಳದ ಹೊಟ್ಟು ತುಂಬಿಕೊಂಡ ಟ್ರ್ಯಾಕ್ಟರು ಬಂತು. ಆ ಒಂದು ಕಣ ಧೂಳಿನ ಪ್ರತಿಜ್ಞೆಗೆ ಉತ್ತರವಾಗಿ ಅರ್ಧ ಚೀಲ ಹೊಟ್ಟು ಮುಖಕ್ಕೆ ಅಪ್ಪಳಿಸಿತು. ಗಾಡಿ ನಿಲ್ಲಿಸಿ ನೀರು ಹಾಕಿ, ಉಜ್ಜಿ ಉಜ್ಜಿ, ಮತ್ತೆ ಕಪ್ಪು ಕನ್ನಡಕ ಏರಿಸಿಕೊಂಡು ಹೇಗೋ ಹಡಗಲಿ ಸೇರಿದರು.

ಉಚ್ಚಂಗೆಪ್ಪನ ಮನೆಯ ಮುಂದೆ ಜನ ಸೇರಿದ್ದರು. ಇಷ್ಟು ದೊಡ್ಡ ಸ್ವಾಗತವನ್ನು ಗುರುಸಂಗಪ್ಪನವರೂ ನಿರೀಕ್ಷಿಸಿರಲಿಲ್ಲ. ಆದರೆ ಹೆಂಗಸರೆಲ್ಲ ಪಂಪಮ್ಮನ ಕಡೆ ಓಡಿದರು. ಒಬ್ಬಳು ನಿವಾಳಿಸಿ ದೃಷ್ಟಿ ತೆಗೆದಳು, ಇನ್ನೊಬ್ಬಳು ನೀರು ಕೊಟ್ಟಳು. ಇವರ ಕಡೆ ಇಬ್ಬರು ಗಟ್ಟಿ ಗಂಡಸರು ಬಂದು ಎರಡು ರಟ್ಟೆ ಹಿಡಿದು ಎತ್ತಿ ಇಳಿಸಿದರು. ನನಗೇನಾಗಿದೆ ಎಂದು ಇವರು ಕೇಳಿದ್ದಕ್ಕೆ, ಅವರು ಒಬ್ಬರ ಮುಖ ಒಬ್ಬರು ನೋಡಿ, ಪಾಪ ಅಂದರು.

ಬಸ್ಸು ಮೊದಲೇ ತಲುಪಿತ್ತಲ್ಲ! ಸುಂಕಮ್ಮಜ್ಜಿ ಕಂಡದ್ದನ್ನು ಕಂಡಂತೆಯೇ ಹೇಳಿದ್ದಳು. ನಮ್ಮ ದೇಶದಲ್ಲಿ ಬಲಗಡೆ ಕೂತವರೇ ಗಾಡಿ ಹೊಡೆಯುವವರು. ಬಲಗಡೆ ಕೂತಿದ್ದವಳು ಪಂಪಮ್ಮ, ಎರಡೂ ಕೈಯಲ್ಲಿ ಏನನ್ನೋ ಹಿಡಿದಿದ್ದಳು. ಪಕ್ಕದಲ್ಲಿ ಗಂಡ, ತಲೆಗೆ ಬಿಳಿ ಬಟ್ಟೆ, ಕಣ್ಣಿಗೆ ಕ್ಯಾಂಪಿನ ಕನ್ನಡಕ. ಅಂಥದೇ ಕನ್ನಡಕವನ್ನು ತಾನೇ ತಿಂಗಳುಗಟ್ಟಲೆ ಹಾಕಿಕೊಂಡಿದ್ದ ಅಜ್ಜಿಗೆ ಅನುಮಾನ ಬರುವುದಾದರೂ ಹೇಗೆ? ಕಣ್ಣಿನ ಆಪರೇಷನ್ನಾದ ಗಂಡನನ್ನು ಮದುವೆ ತಪ್ಪಬಾರದೆಂದು ಪಂಪಮ್ಮ ತಾನೇ ಡ್ರೈವಿಂಗ್ ಕಲಿತು ಕರೆದುಕೊಂಡು ಬರುತ್ತಿದ್ದಾಳೆ ಎಂದು ಅಜ್ಜಿ ಕಣ್ಣೊರೆಸಿಕೊಂಡು ಹೇಳಿದಾಗ, ಮದುವೆಮನೆಯೇ ಕಣ್ಣೊರೆಸಿಕೊಂಡಿತ್ತು.

ಪಂಪಮ್ಮ ನಿಜ ಹೇಳಿದಳು. ಗಾಡಿ ಹೊಡೆದದ್ದು ಅವರೇ, ಆಪರೇಷನ್ನೂ ಇಲ್ಲ ಏನೂ ಇಲ್ಲ ಎಂದಳು. ಗಂಡನ ಮರ್ಯಾದೆ ಉಳಿಸುವುದಕ್ಕೆ ಎಷ್ಟು ಚೆಂದ ಸುಳ್ಳು ಹೇಳುತ್ತಾಳೆ ಎಂದು ಹೆಂಗಸರು ಇನ್ನೊಂದು ಸಲ ದೃಷ್ಟಿ ತೆಗೆದರು. ಎರಡನೆಯ ಸಲ ಹೇಳುವ ಉಮೇದು ಅವಳಿಗೆ ಅಷ್ಟಾಗಿ ಉಳಿದಂತೆ ಕಾಣಲಿಲ್ಲ.

ಗುರುಸಂಗಪ್ಪನವರನ್ನು ಕತ್ತಲು ಮಾಡಿದ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದರು. ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಮದುವೆಗೆ ಬಂದ ನೆಂಟರೆಲ್ಲ ಸರದಿಯ ಮೇಲೆ ಬಂದು ತಲೆದಿಂಬಿನ ಹತ್ತಿರ ಬ್ರೆಡ್ಡು, ಬಾಳೆಹಣ್ಣು, ಗ್ಲೂಕೋಸ್ ಬಿಸ್ಕತ್ತು ಇಟ್ಟು, ಎರಡೂ ಕಣ್ಣು ಒಮ್ಮೆಲೇ ಮಾಡಿಸಬಾರದಿತ್ತು ಎಂದು ಬುದ್ಧಿ ಹೇಳಿ ಹೋದರು. ಕಿವಿಯ ಮೇಲೂ ಬಟ್ಟೆ ಇದ್ದದ್ದರಿಂದ ಎಲ್ಲರೂ ಕೂಗಿಯೇ ಮಾತಾಡಿದರು.

ಕೊನೆಗೆ ಸಿಟ್ಟು ನೆತ್ತಿಗೇರಿ, ನೋಡಿ ಬೇಕಾದರೆ ಎಂದು ಅವರು ಕಪ್ಪು ಕನ್ನಡಕ ಕಿತ್ತು ಎಸೆದರು. ಹೊಟ್ಟು ಬಿದ್ದ ಕಣ್ಣುಗಳು ಕೆಂಡದಂತೆ ಕೆಂಪಾಗಿ ನೀರು ಸುರಿಸುತ್ತಿದ್ದವು. ಸುತ್ತ ನಿಂತವರು ಲೊಚಗುಟ್ಟಿದರು. "ಹೊಲಿಗಿ ಬಿಚ್ಚೀತು, ಹಾಕ್ಕೋ ನಮ್ಮಪ್ಪ" ಎಂದು ಸುಂಕಮ್ಮಜ್ಜಿ ಕನ್ನಡಕ ತಂದು ತನ್ನ ಕೈಯಾರೆ ಏರಿಸಿದಳು. ಗುರುಸಂಗಪ್ಪನವರು ಎದುರು ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿ, ದೊಡ್ಡಕ್ಷರ ಸಣ್ಣಕ್ಷರ ಎಲ್ಲವನ್ನೂ ಗಡಗಡ ಓದಿದರು.

ಉಚ್ಚಂಗೆಪ್ಪ ಬೇಸರದಿಂದ ತಲೆಯಾಡಿಸಿದ. "ಅದು ನಿಮ್ಮ ಅಂಗಡಿ ಕ್ಯಾಲೆಂಡರ್ರಿ. ಕಣ್ಣು ಮುಚ್ಚಿಗೊಂಡ್ರೂ ಹೇಳ್ತೀರಿ."

ಹಾಗೆಂದು ಕಾರಿನ ಕೀಲಿಯನ್ನು ಜೇಬಿಗಿಳಿಸಿದ. ನಾಳೆ ಮೆರವಣಿಗೆಯಲ್ಲಿ ಬೇಕಾದರೆ ಪಂಪಮ್ಮನೇ ಗಾಡಿ ಹೊಡೆಯಲಿ, ಅವಳ ಕೈ ಎಷ್ಟು ಚೊಲೋ ಕೂತಿದೆ ಎಂದು ಅತ್ತೆ ಹೇಳಿದ್ದಾಳೆ, ನೀವು ಮಾತ್ರ ಸ್ಟೇರಿಂಗು ಮುಟ್ಟಬೇಡಿ ಎಂದು ಹೇಳಿ ಹೋದ. ಪಂಪಮ್ಮನ ಮುಖದಲ್ಲಿ ಅಷ್ಟು ಹೊತ್ತು ಅಡಗಿಸಿಟ್ಟಿದ್ದ ನಗು ಆಗ ಮಾಯವಾಯಿತು.

ಎಲ್ಲರೂ ಹೋದ ಮೇಲೆ ಗುರುಸಂಗಪ್ಪನವರಿಗೆ ನಿಜವಾಗಿಯೂ ದುಃಖವಾಯಿತು. ಮಗುವಿಗೆ ಕೊಟ್ಟ ಮಾತು ಇನ್ನೇನು ಕೈಗೂಡಿತು ಅನ್ನುವಾಗ, ತಾಯಿಯ ಕನ್ನಡಕ ಹಾಕಿಕೊಂಡು ತಾವೇ ಅದನ್ನು ಹಾಳುಮಾಡಿದ್ದರು. ಆಗ ಕೈಗೆ ಮದರಂಗಿ ಹಚ್ಚಿಕೊಂಡ ಅಮೃತಾ ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಬಂದಳು. ಬ್ರೆಡ್ಡಿನ ರಾಶಿ ನೋಡಿದಳು, ಮಾವನನ್ನು ನೋಡಿದಳು, ನಗು ತಡೆಯಲಾರದೆ ಮಂಚದ ತುದಿಯಲ್ಲಿ ಕೂತುಬಿಟ್ಟಳು. ಅವಳು ಒಂದು ಮಾತೂ ನಂಬಿರಲಿಲ್ಲ ಎಂದು ತಿಳಿದಾಗ ಅವರಿಗೆ ಹೋದ ಜೀವ ಬಂತು. ನಿಮ್ಮಪ್ಪನಿಗೆ ನೀನಾದರೂ ಹೇಳು, ನಾಳೆ ನಿನ್ನನ್ನೂ ಅಳಿಯಂದಿರನ್ನೂ ಕೂರಿಸಿಕೊಂಡು ನಾನೇ ಗಾಡಿ ಹೊಡೆಯುತ್ತೇನೆ ಎಂದು ಬೇಡಿಕೊಂಡರು.

"ಮಾವ, ಅದರಾಗ ಎರಡ ಸೀಟು ಅದಾವು" ಅಂದಳು ಅಮೃತಾ. "ಒಂದರಾಗ ನಾನು, ಇನ್ನೊಂದರಾಗ ಅವರು. ನೀವು ಎಲ್ಲಿ ಕುಂದ್ರತೀರಿ?"

ಗುರುಸಂಗಪ್ಪನವರು ಬೆರಳು ಮಡಚಿ ಸೀಟು ಎಣಿಸಿದರು. ಎರಡೇ. ತಲೆಗೇನು, ಕಣ್ಣಿಗೇನು ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದ ಮಹಾನುಭಾವರಿಗೆ, ಕೂರಲು ಜಾಗವೇ ಇಲ್ಲ ಅನ್ನುವುದು ಹೊಳೆದಿರಲಿಲ್ಲ! ಪಾಲಾಕ್ಷಪ್ಪನಿಗೆ ಹೊಳೆದಿರಲಿಲ್ಲ, ಷರತ್ತು ಹಾಕಿದ ಉಚ್ಚಂಗೆಪ್ಪನಿಗೂ ಹೊಳೆದಿರಲಿಲ್ಲ.

ಮದುಮಗ ಪ್ರವೀಣಕುಮಾರನಿಗೆ ಬೈಕು ಬಿಟ್ಟರೆ ಬೇರೆ ಗಾಡಿ ಬರುತ್ತಿರಲಿಲ್ಲ. ಅಮೃತಾ ದಿನವೂ ಅಪ್ಪನ ಕಾರು ಹೊಡೆಯುತ್ತಿದ್ದವಳು. "ಗಾಡಿ ನಾನ ಹೊಡಿತೀನಿ ಮಾವ. ಲೂನಾದಾಗ ನಾ ಮುಂದ ನಿಂತಿದ್ದೆ, ನಾಳೆ ನೀವು ಮುಂದ ನಡೀರಿ" ಎಂದಳು. ಗುರುಸಂಗಪ್ಪನವರ ಕಣ್ಣಲ್ಲಿ ಮತ್ತೆ ನೀರು ಬಂತು, ಈ ಸಲ ಹೊಟ್ಟಿನದಲ್ಲ. ಅದನ್ನು ಬಾಗಿಲಿನಿಂದ ಕಂಡ ಸುಂಕಮ್ಮಜ್ಜಿ ಕಣ್ಣಿಗೆ ಬಿಡುವ ಔಷಧಿ ಹುಡುಕಲು ಓಡಿದಳು.

ಮರುದಿನ ತಾಳಿ ಕಟ್ಟಿಸಿಕೊಂಡ ಮೇಲೆ, ಹಣೆಗೆ ಬಾಸಿಂಗ ಕಟ್ಟಿಕೊಂಡ ಮದುಮಗಳು ಎಡಗಡೆಯ ಸೀಟಿನಲ್ಲಿ ಕೂತು ಗಾಡಿ ಸ್ಟಾರ್ಟ್ ಮಾಡಿದಳು. ಪಕ್ಕದಲ್ಲಿ ಪ್ರವೀಣಕುಮಾರ ಅದೇ ಕಬ್ಬಿಣದ ಹಿಡಿ ಹಿಡಿದು, ಹಿಂದಿನ ದಿನ ಪಂಪಮ್ಮ ಕೂತಿದ್ದ ಹಾಗೆಯೇ ಕೂತಿದ್ದ. ಬ್ಯಾಂಡಿನವರ ಹಿಂದೆ, ಕಾರಿನ ಮುಂದೆ, ತಂದೆಯ ರುಮಾಲು ಸುತ್ತಿಕೊಂಡು ಗುರುಸಂಗಪ್ಪನವರು ಎದೆಯುಬ್ಬಿಸಿ ಹೊರಟರು. ಎಂಟು ಹೆಜ್ಜೆ ಹಾಕಿರಲಿಲ್ಲ, ಸುಂಕಮ್ಮಜ್ಜಿ ಬಂದು ಅವರ ಕೈ ಹಿಡಿದುಕೊಂಡಳು.

"ಇಲ್ಲಿ ಗುಂಡಿ ಐತಿ ಅಳಿಯಪ್ಪ, ನಿಧಾನ."

ಕೈ ಬಿಡಿಸಿಕೊಳ್ಳಬಹುದಿತ್ತು. ಆದರೆ ತನಗೇ ನೆಟ್ಟಗೆ ಕಾಣದ ಮುದುಕಿ ಅಷ್ಟು ಅಕ್ಕರೆಯಿಂದ ಗುಂಡಿ ತೋರಿಸುವಾಗ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ. ಕಾರು ಹೊಡೆದುಕೊಂಡು ಮೆರೆಯಬೇಕೆಂದಿದ್ದವರು ಅಜ್ಜಿಯ ಕೈ ಹಿಡಿದು ಊರೆಲ್ಲ ನಡೆದರು. ನೋಡಲು ನಿಂತವರು, ಇಷ್ಟು ಬೇಗ ಓಡಾಡುತ್ತಿದ್ದಾರಲ್ಲ, ಯಾವ ಡಾಕ್ಟರೋ ಕೇಳಬೇಕು ಎಂದು ಮಾತಾಡಿಕೊಂಡರು. ಹಿಂದಿನಿಂದ ಹಾರ್ನ್ ಬಾರಿಸಿ ಅಮೃತಾ ನಗುತ್ತಿದ್ದಳು. ಬಾಸಿಂಗದ ಒಂದು ಎಳೆಯೂ ಅಲುಗಲಿಲ್ಲ. ಕಾರು ನಡೆಯುವವರ ಹಿಂದೆ ನಡೆಯುವ ವೇಗದಲ್ಲೇ ಬರುತ್ತಿತ್ತು. ಮೆರವಣಿಗೆಯಲ್ಲಿ ಗಾಳಿಯೆಲ್ಲಿಂದ ಬರಬೇಕು?

ಬೀಗರ ಊಟ ಮುಗಿಸಿಕೊಂಡು, ಅಮೃತಾ ಗುಟ್ಟಾಗಿ ಕೈಗಿತ್ತ ಕೀಲಿ ಹಿಡಿದು ಗಂಡಹೆಂಡತಿ ಅದೇ ಕಾರಿನಲ್ಲಿ ಕೊಟ್ಟೂರಿಗೆ ಹೊರಟರು. ಹಿಂದಿನ ಗೂಡಿನಲ್ಲಿ ಬ್ರೆಡ್ಡು ತುಂಬಿತ್ತು. ಗುರುಸಂಗಪ್ಪನವರ ತಲೆಯ ಮೇಲೆ ಏನೂ ಇರಲಿಲ್ಲ, ಕಣ್ಣಿಗೆ ಬರೀ ನಂಬರಿನ ಕನ್ನಡಕ. ಊರು ದಾಟಿದ ಮೇಲೆ ಸೋತ ದನಿಯಲ್ಲಿ ಕೇಳಿದರು.

"ಹಂಗಾದ್ರ ಈ ಟಾಪಿಲ್ಲದ ಗಾಡಿಗೆ ತಲಿಗೆ ಏನು ಹಾಕ್ಕೋಬೇಕು ಅಂತೀ, ಪಂಪಾ?"

"ಬಾಸಿಂಗ" ಅಂದಳು ಪಂಪಮ್ಮ. "ನಮ್ಮ ಮದುವಿ ಆದ ದಿನ ಇದೇ ದಾರ್ಯಾಗ ಟ್ರ್ಯಾಕ್ಟರ್ ಟ್ರೇಲರ್ನಾಗ ಕೊಟ್ಟೂರಿಗೆ ಬಂದ್ವಲ್ಲ, ಅದಕ್ಕೂ ಟಾಪ್ ಇರಲಿಲ್ಲ. ಅವತ್ತು ನಿಮ್ಮ ತಲಿಗೆ ಕಟ್ಟಿದ್ದು ಎಲ್ಲೂ ಹಾರಲಿಲ್ಲ."

ಗುರುಸಂಗಪ್ಪನವರಿಗೆ ಅವತ್ತಿನ ಧೂಳು, ಬಿಸಿಲು, ಪಕ್ಕದಲ್ಲಿ ಬಳೆಯ ಸದ್ದು ಎಲ್ಲ ನೆನಪಾಯಿತು.

"ಮತ್ತ ಕಣ್ಣಿಗೆ?"

"ಕಣ್ಣು ಮುಚ್ಚಿಗೊಂಡು ನನ್ನ ಹೆಗಲ ಮ್ಯಾಲ ತಲಿ ಇಟ್ಟು ಕೊಟ್ಟೂರು ಬರೋತನಕ ನಿದ್ದಿ ಹೊಡದ್ರಿ" ಎಂದು ಪಂಪಮ್ಮ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. "ಅದೊಂದು ಇವತ್ತು ಮಾಡಬ್ಯಾಡ್ರಿ. ಹಡಗಲಿ ಮಂದಿ ಏನರ ಅನ್ನಲಿ, ಗಾಡಿ ಹೊಡ್ಯಾಕತ್ತೋರು ನೀವು."